ದಂಡೆಯ ಮೇಲಿಟ್ಟ ಕರಿಮಣಿ

ಜಯಶೀಲಾ ಹುಟ್ಟಿದ್ದು ಗಂಗೊಳ್ಳಿಯಲ್ಲಿ, ಕಡಲಿನ ಸದ್ದು ಅಡುಗೆಮನೆಗೆ ಕೇಳುವಷ್ಟು ಹತ್ತಿರ. ಆದರೂ ಮದುವೆಯಾಗಿ ಹೊರಡುವವರೆಗೆ ಆಕೆಯ ಪಾದದಿಂದ ಮೇಲೆ ಉಪ್ಪುನೀರು ತಾಗಿರಲಿಲ್ಲ. ಹೆಣ್ಣುಮಕ್ಕಳು ಕಡಲಿಗಿಳಿಯಬಾರದು ಎಂದರೆ ಇಳಿಯಬಾರದು, ಅಷ್ಟೆ. ಅಣ್ಣಂದಿರು ಈಜಿ ಬಂದು ಊಟಕ್ಕೆ ಕೂತರೆ ಬಡಿಸುವುದು ಇವಳ ಕೆಲಸ. ಐವತ್ತನಾಲ್ಕಾದರೂ ಆ ಸಿಟ್ಟು ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ.

ಈಜು ಕಲಿತದ್ದು ನಲವತ್ತೊಂಬತ್ತಕ್ಕೆ, ಐರ್ಲೆಂಡಿನಲ್ಲಿ. ಡ್ರೋಹೆಡಾದಲ್ಲಿ ನರ್ಸ್ ಕೆಲಸ, ಅಲ್ಲಿಂದ ಇಪ್ಪತ್ತು ನಿಮಿಷದ ಕಡಲತಡಿಯ ಊರಿನಲ್ಲಿ ಮನೆ. ಪಕ್ಕದಲ್ಲಿ ಗೆಸ್ಟ್‌ಹೌಸ್ ನಡೆಸುವ ಎಪ್ಪತ್ತರ ಮೇರಿ ಕೈಹಿಡಿದು ನೀರಿಗಿಳಿಸಿದಳು. ಅಂದಿನಿಂದ ಚಳಿಯಿರಲಿ, ಮಳೆಯಿರಲಿ, ಬೆಳಗ್ಗೆ ಎಂಟಕ್ಕೆ ಹಳೆಯ ಚೂಡಿದಾರದಲ್ಲೇ ಈಜು. ಈಜುಡುಗೆ ಹಾಕಲು ಮನಸ್ಸಿಲ್ಲ. ಊರಿನವರಿಗೂ ಅದೇನು ದೊಡ್ಡ ಸಂಗತಿಯಲ್ಲ.

ಕಳೆದ ಅಕ್ಟೋಬರಿನಲ್ಲಿ ಮೇರಿಯ ಗೆಸ್ಟ್‌ಹೌಸಿಗೆ ಅಮೆರಿಕದ ಓಹಾಯೋದಿಂದ ಡಗ್ಲಸ್, ಕ್ಯಾರಲ್ ಎಂಬ ದಂಪತಿ ಬಂದರು. ಮೇರಿ ತಿಂಡಿ ಮಾಡಲು ಒಳಗೇ ಉಳಿದಳು, ಇವರು ದಂಡೆಯಲ್ಲಿ ಅಡ್ಡಾಡಲು ಹೋದರು. ಕಂಡದ್ದಿಷ್ಟು: ಮೈತುಂಬ ಬಟ್ಟೆ ತೊಟ್ಟ ಹೆಂಗಸೊಬ್ಬಳು ಒಂಟಿಯಾಗಿ ಬಂದಳು. ಚಪ್ಪಲಿ ಬಿಟ್ಟು ಜೋಡಿಸಿಟ್ಟಳು. ಕನ್ನಡಕ ತೆಗೆದಳು. ಕತ್ತಿನ ಸರ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಕರ್ಚೀಫಿನಲ್ಲಿ ಸುತ್ತಿ ಚಪ್ಪಲಿಯೊಳಗಿಟ್ಟಳು. ಹಿಂತಿರುಗಿ ನೋಡದೆ ನೀರಿಗೆ ನಡೆದಳು.

ಕರಿಮಣಿ ಕಡಲುಪಾಲಾಗಬಾರದೆಂದು ಜಯಶೀಲಾ ಐದು ವರ್ಷದಿಂದ ದಿನಾ ಮಾಡುವುದು ಅದನ್ನೇ. ಕ್ಯಾರಲ್ ತುರ್ತುಸೇವೆಗೆ ಫೋನ್ ಮಾಡಿಬಿಟ್ಟಳು.

ರಕ್ಷಣಾದೋಣಿ ಬಂತು. ಅದರಲ್ಲಿದ್ದವರೆಲ್ಲ ಪರಿಚಯದವರೇ. ಕರೆ ಬಂದ ಮೇಲೆ ದಡ ಮುಟ್ಟಿಸದೆ ಹೋಗುವಂತಿಲ್ಲ ಎಂದು ಸಂಕೋಚಪಡುತ್ತಲೇ ಹತ್ತಿಸಿಕೊಂಡರು. ದಡದಲ್ಲಿ ಅರ್ಧ ಊರು ನೆರೆದಿತ್ತು. ಕ್ಯಾರಲ್ ಅಳುತ್ತ ಬಂದು ತಬ್ಬಿಕೊಂಡಳು. ಈಜಲು ಹೋಗಿದ್ದೆ ಎಂದರೆ "ಹೌದಮ್ಮ, ಹೌದು" ಎಂದು ಬೆನ್ನು ಸವರಿದಳು. ರೋಗಿಯ ಮಾತನ್ನು ನಂಬದಿದ್ದಾಗ ಜಯಶೀಲಾ ಕೂಡ ಹಾಗೇ ಸವರುವುದುಂಟು.

ಸಂಜೆಯೊಳಗೆ ಡ್ರೋಹೆಡಾದ ಕನ್ನಡಿಗರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸುದ್ದಿ ಹಬ್ಬಿತ್ತು. ಗ್ರೂಪಿನ ನಿಖಿತಾ ಫೋನ್ ಮಾಡಿ, "ಅಕ್ಕಾ, ಮನೇಲಿ ಎಲ್ಲಾ ಸರಿ ಐತಲ್ಲ?" ಎಂದು ಮೆಲ್ಲಗೆ ಕೇಳಿದಳು. ಗಂಡ ಸತ್ಯಪ್ರಕಾಶ್ ಕುದಿಯುತ್ತಿದ್ದ.

"ನಾನೇ ಹಿಂಸೆ ಕೊಡ್ತೀನಿ ಅನ್ಕೊಂಡಿದ್ದಾರೆ ಎಲ್ರೂ. ಸಾಕು, ಇನ್ಮೇಲೆ ಕಡಲ ಕಡೆ ಹೋಗ್ಬೇಡ."

"ತಪ್ಪು ತಿಳ್ಕೊಂಡಿದ್ದು ಅವ್ರು. ನಿಲ್ಸೋದು ನಾನಾ?"

"ಜನ ಏನಂತಾರೆ?"

"ಚಿಕ್ಕೋಳಿದ್ದಾಗ ಅಪ್ಪನೂ ಇದನ್ನೇ ಅಂದಿದ್ರು. ಆಗ ಕೇಳ್ದೆ. ಈಗ ಕೇಳಲ್ಲ."

ಹೇಳಿದ್ದೇನೋ ಗಟ್ಟಿಯಾಗಿಯೇ. ಆದರೆ ಮರುದಿನ ದಂಡೆಯಲ್ಲಿ ಸರ ಬಿಚ್ಚಲು ಕೈಯೆತ್ತಿದಾಗ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕತ್ತು ತಾನಾಗಿ ಹಿಂದಕ್ಕೆ ತಿರುಗಿತು. ಅದು ರೇಗಿಸಿದಷ್ಟು ಗಂಡನ ಮಾತೂ ರೇಗಿಸಿರಲಿಲ್ಲ. ದಿನಕ್ಕಿಂತ ದೂರ ಈಜಿದಳು.

ಕರ್ಚೀಫಿನ ಗಂಟು ಕೈಯಲ್ಲೇ ಹಿಡಿದು ಮರಳುವಾಗ, ಅತಿಥಿಗಳು ಅನಿಸಿಕೆ ಬರೆಯುವ ಪುಸ್ತಕದೊಂದಿಗೆ ಮೇರಿ ಗೆಸ್ಟ್‌ಹೌಸಿನ ಬಾಗಿಲಲ್ಲೇ ಕಾದಿದ್ದಳು. "ನಾನೆಷ್ಟು ಹೇಳಿದ್ರೂ ಅವ್ರು ನಂಬ್ಲಿಲ್ಲ. ಇದನ್ನ ನೀನು ಓದ್ಬೇಕು, ಜಯ."

ಡಗ್ಲಸ್‌ನ ದುಂಡಗಿನ ಅಕ್ಷರ: "ಕಡಲು ಸೊಗಸು, ಗಾಳಿ ವಿಪರೀತ. ಮೀನಿನ ಸೂಪು ಬಹಳ ರುಚಿ. ಜನ ನಗುನಗುತ್ತ ಮಾತಾಡುತ್ತಾರೆ. ದೇವರ ದಯೆಯಿಂದ, ಬದುಕು ಸಾಕಾಗಿದ್ದ ಭಾರತದ ಪಾಪದ ಹೆಂಗಸೊಬ್ಬಳ ಜೀವ ಉಳಿಸಿದೆವು."

ದಂಪತಿ ಒಳಗೆ ತಿಂಡಿ ತಿನ್ನುತ್ತಿದ್ದರು. ಜಯಶೀಲಾ ನೀರು ತೊಟ್ಟಿಕ್ಕುವ ಚೂಡಿದಾರದಲ್ಲೇ ನುಗ್ಗಿದಳು. ಕಾರ್ಪೆಟ್ ಒದ್ದೆಯಾದರೆ ಆಗಲಿ. ಅವರ ಮೇಜಿನ ಮೇಲೇ ಪುಸ್ತಕ ಬಿಡಿಸಿ, ಡಗ್ಲಸ್‌ನ ಪೆನ್ನನ್ನೇ ತೆಗೆದುಕೊಂಡು ಕೆಳಗೆ ಬರೆದಳು: "ಆ ಹೆಂಗಸು ನಾನು. ಬದುಕು ಸಾಕಾಗಿಲ್ಲ. ದಿನಾ ಬೆಳಗ್ಗೆ ಎಂಟಕ್ಕೆ ಈಜುತ್ತೇನೆ. ಜಯಶೀಲಾ, ಇದೇ ಊರು." ಮೇರಿ ತೆಗೆದ ಪುಟದ ಫೋಟೊವನ್ನು ಆಮೇಲೆ ಕನ್ನಡಿಗರ ಗ್ರೂಪಿಗೂ ಹಾಕಿದಳು.

ಕ್ಯಾರಲ್ ಓದಿ ಕೆಂಪಾದಳು. "ಆದರೆ ಆ ಸರ... ಬಿಚ್ಚಿಟ್ಟು ಹೋದಿರಲ್ಲ?"

"ವಾಪಸ್ ಬಂದು ಹಾಕ್ಕೊಳ್ಳೋಕೆ," ಎಂದು ಜಯಶೀಲಾ ಕರ್ಚೀಫು ಬಿಚ್ಚಿ, ಕರಿಮಣಿಯನ್ನು ಅವಳ ಕಣ್ಣೆದುರೇ ಹಾಕಿಕೊಂಡಳು. "ಜೀವ ಕಾಯೋದು ಬೇಡ. ನಾಳೆ ಬಂದು ಇದನ್ನ ಕಾಯಿರಿ."

ಮಾರನೆಯ ಬೆಳಗ್ಗೆ ಎಂಟಕ್ಕೆ ಕ್ಯಾರಲ್ ಕರ್ಚೀಫಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಬಂಡೆಯ ಮೇಲೆ ಕೂತಿದ್ದಳು. ಜಯಶೀಲಾ ಹಿಂತಿರುಗಿ ನೋಡದೆ ನೀರಿಗೆ ನಡೆದಳು.