ಎಂಟು ಕುಂಡಗಳಿಗೆ ಮಣ್ಣು

ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಮಣ್ಣಿನ ಪಾಠ ಪ್ರತಿ ವರ್ಷ ಬರುತ್ತದೆ. ಮಣ್ಣಿನ ಬಗೆಗಳು, ನೀರು ಹಿಡಿಯುವ ಶಕ್ತಿ, ಬೇರಿಗೆ ಗಾಳಿ ಯಾಕೆ ಬೇಕು, ಎಲ್ಲ ಬಾಯಿಪಾಠ. ಹಿರೇಕೆರೂರಿನಿಂದ ಸವಣೂರಿಗೆ ವರ್ಗವಾಗಿ ಬಂದ ಮೊದಲ ವರ್ಷ ನಾನು ಹನ್ನೊಂದು ಗಿಡ ಕೊಂದೆ.

ಗಿಡಗಳು ನನ್ನ ಹೆಂಡತಿಯವು. ಹಿರೇಕೆರೂರಿನ ಮನೆಗೆ ಹಿತ್ತಲಿತ್ತು. ಅಲ್ಲಿ ಅವಳು ಕರಿಬೇವು, ಮಲ್ಲಿಗೆ, ಬದನೆ, ಯಾರಿಗೂ ಹೆಸರು ಗೊತ್ತಿಲ್ಲದ ಒಂದು ನೇರಳೆ ಹೂವಿನ ಗಿಡ ಬೆಳೆಸಿದ್ದಳು. ಸವಣೂರಿನಲ್ಲಿ ಸಿಕ್ಕಿದ್ದು ಮೇಲಿನ ಮನೆ, ಮುಂದೆ ಒಂದಿಷ್ಟು ತೆರೆದ ಮಾಳಿಗೆ. ಬಂದ ಎರಡನೇ ತಿಂಗಳಿಗೆ ಅವಳ ಮೊಣಕಾಲಿಗೆ ಆಪರೇಶನ್ ಆಯಿತು. ಮೂರು ತಿಂಗಳು ಮೆಟ್ಟಿಲು ಇಳಿಯಬೇಡಿ ಎಂದರು ಡಾಕ್ಟರು. ಮೂರು ತಿಂಗಳು ಮುಗಿದರೂ ಅವಳು ಇಳಿಯಲಿಲ್ಲ. ಕೇಳಿದರೆ, "ಇಳದು ಏನ್ ಮಾಡ್ಲಿ? ಕೆಳಗ ನಂದೇನೈತಿ?" ಅನ್ನುತ್ತಿದ್ದಳು.

ನಾನು ಪೇಟೆಗೆ ಹೋದೆ. ಎಂಟು ಸಿಮೆಂಟಿನ ಕುಂಡ ತಂದೆ.

ಮಣ್ಣಿಗಾಗಿ ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರನ್ನು ಕೇಳಿದೆ. ಅವರು ಹತ್ತಿಮತ್ತೂರಿನವರು, ಹೊಲ ಅಪ್ಪಟ ಎರೆ ಭೂಮಿ. "ಬೇಕಾದಷ್ಟು ಒಯ್ರಿ ಸರ, ಬಂಗಾರದಂಥಾ ಮಣ್ಣು," ಎಂದು ಎರಡು ಚೀಲ ತುಂಬಿಸಿಕೊಟ್ಟರು. ಕಪ್ಪು ಮಣ್ಣು ಫಲವತ್ತಾದದ್ದು ಎಂದು ಪುಸ್ತಕದಲ್ಲೂ ಇದೆ. ಕುಂಡದಲ್ಲಿ ಹಾಕಿದಾಗಲೂ ಹಾಗೇ ಇರುತ್ತದೆ ಎಂದು ಪುಸ್ತಕ ಎಲ್ಲೂ ಹೇಳಿಲ್ಲ, ಅದನ್ನು ನಾನು ಗಮನಿಸಿರಲಿಲ್ಲ.

ಕುಂಡ ತುಂಬಿ, ಸಸಿ ನೆಟ್ಟು ನೀರು ಹಾಕಿದೆ. ನೀರು ಮೇಲೆಯೇ ನಿಂತಿತು. ಮರುದಿನವೂ ನಿಂತಿತ್ತು. ಒಂದು ಕಾಗೆ ಬಂದು ಸ್ನಾನ ಮಾಡಿಹೋಯಿತು. ಒಣಗಿದ ಮೇಲೆ ಮಣ್ಣು ಕುಂಡದ ಅಂಚು ಬಿಟ್ಟು ಒಳಗೆ ಸರಿದು ಇಟ್ಟಂಗಿಯಾಯಿತು. ಬಿರುಕಿನಲ್ಲಿ ನನ್ನ ಪೆನ್ನು ಪೂರಾ ಇಳಿಯುತ್ತಿತ್ತು. ಗಿಡಗಳು ಮೊದಲು ಹಳದಿಯಾದವು, ಆಮೇಲೆ ಕಡ್ಡಿಯಾದವು. ಹೆಂಡತಿ ಒಳಗಿನಿಂದಲೇ ಒಮ್ಮೆ ನೋಡಿ ಕಿಟಕಿ ಮುಚ್ಚಿದಳು.

ಎರಡನೇ ಸಲ ಶಿಗ್ಗಾವಿಗೆ ಹೋಗಿ ಕುಂಡಕ್ಕೆಂದೇ ಮಾರುವ ಪಾಟಿಂಗ್ ಮಿಕ್ಸ್ ತಂದೆ. ಚೀಲದ ಮೇಲೆ ಕೆಂಪು ದಾಸವಾಳದ ಚಿತ್ರವಿತ್ತು.

"ಇದರಾಗ ಏನೇನೈತ್ರಿ?" ಎಂದು ಅಂಗಡಿಯವನನ್ನು ಕೇಳಿದೆ.

"ಎಲ್ಲಾ ಐತ್ರಿ ಸರ."

"ಎಲ್ಲಾ ಅಂದ್ರ?"

ಅವನು ಚೀಲ ತಿರುಗಿಸಿ ಹಿಂದೆ ನೋಡಿದ. ಅಲ್ಲೂ ದಾಸವಾಳವೇ ಇತ್ತು. "ಎಲ್ಲಾ ಅಂದ್ರ ಎಲ್ಲಾರಿ," ಎಂದ. ನಾನು ಒಪ್ಪಿಕೊಂಡೆ.

ಮನೆಯಲ್ಲಿ ಬಿಚ್ಚಿದರೆ ಒಳಗೆ ಬೆಚ್ಚಗಿತ್ತು, ಹುಳಿ ಹಿಟ್ಟಿನ ವಾಸನೆ ಬಂತು. ತೆಂಗಿನ ನಾರಿನ ಪುಡಿ, ಕಟ್ಟಿಗೆಯ ಚೂರು, ಒಂದು ಹವಾಯಿ ಚಪ್ಪಲಿಯ ಉಂಗುಟದ ಪಟ್ಟಿ. ಎಲ್ಲ ಇದೆ ಎಂದ ಮಾತು ಸುಳ್ಳಾಗಿರಲಿಲ್ಲ. ಕುಂಡ ತುಂಬಿ, ಹೊಸ ಸಸಿ ಹಚ್ಚಿ, ಧಾರಾಳ ನೀರು ಬಿಟ್ಟೆ. ಈ ಸಲ ನೀರು ನಿಲ್ಲಲಿಲ್ಲ. ಕುಂಡದ ತೂತಿನಿಂದ ಕಂದು ಬಣ್ಣದಲ್ಲಿ ಇಳಿದು, ಮಾಳಿಗೆಯ ಕೊಳವೆಯಿಂದ ಕೆಳಗಿನ ಅಂಗಳಕ್ಕೆ ಬಿತ್ತು. ಅಲ್ಲಿ ಮನೆ ಮಾಲಕಿಯ ಬಿಳಿ ಚಾದರ ಒಣಗಲು ಹಾಕಿತ್ತು.

ಆಕೆಯನ್ನು ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾವೂ ಹಾಗೇ ಕರೆಯುತ್ತಿದ್ದೆವು. ಎಪ್ಪತ್ತು ದಾಟಿದ ವಯಸ್ಸು, ಕಣ್ಣು ಅಷ್ಟಕ್ಕಷ್ಟೇ. ಗಂಡನ ಮನೆಯವರದು ಹಿಂದೆ ಊರ ಹೊರಗೆ ವೀಳ್ಯದೆಲೆಯ ತೋಟವಿತ್ತಂತೆ, ಈಗಿಲ್ಲ. ನಾವು ಬಂದಾಗಿನಿಂದ ಆಕೆ ಮೇಲೆ ಹತ್ತಿ ಬಂದಿರಲಿಲ್ಲ. ಅವತ್ತು ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಚಾದರವಿತ್ತು.

"ಮಾಸ್ತರ, ಮ್ಯಾಲೆ ಕುಂತು ಚಾ ಸೋಸಾಕತ್ತೀರೇನು?"

ನಾನು ಕ್ಷಮೆ ಕೇಳಿದೆ, ಗಿಡದ ವಿಷಯ ಹೇಳಿದೆ. ಖಾಲಾ ಚಾದರವನ್ನು ನನ್ನ ಹೆಗಲ ಮೇಲೆ ಹಾಕಿ ಕುಂಡದ ಕಡೆ ಹೋದರು. ಬಗ್ಗಿ ಕೈ ಹಾಕಿ ಒಂದು ಮುಷ್ಟಿ ತೆಗೆದು ಹಿಂಡಿದರು, ಬಿಟ್ಟರು. ಪುಡಿ ಉದುರಿತು.

"ಇದು ಮಣ್ಣಲ್ರಿ, ಗಾದಿ ಒಳಗಿನ ನಾರು." ಮೂಲೆಯಲ್ಲಿದ್ದ ಎರೆ ಮಣ್ಣಿನ ಗುಡ್ಡೆಗೂ ನೀರು ಚಿಮುಕಿಸಿ ಹಿಂಡಿದರು. ಅದು ಬಿಗಿಯಾದ ಉಂಡೆಯಾಯಿತು. ಬೆರಳಿನಿಂದ ಕುಟ್ಟಿದರೂ ಒಡೆಯಲಿಲ್ಲ. "ಮುಷ್ಟ್ಯಾಗ ಹಿಡದ್ರ ಉಂಡಿ ಆಗಬೇಕು, ಬೆರಳಲೆ ತಟ್ಟಿದ್ರ ಉದರಬೇಕು. ಇದು ಉಂಡಿ ಆಗತೈತಿ, ಉದರಂಗಿಲ್ಲ. ಅದು ಉದರತೈತಿ, ಉಂಡಿ ಆಗಂಗಿಲ್ಲ. ಪಾಟಿನ್ಯಾಗಿನ ಬೇರು ಎಲ್ಲಿ ಹೋಗಬೇಕ್ರಿ? ಹೊಲದಾಗಾದ್ರ ಬಾಜೂಕ ಹೋಗತೈತಿ."

ಇಷ್ಟರಲ್ಲಿ ಹೆಂಡತಿ ವಾಕರ್ ಹಿಡಿದು ಬಾಗಿಲಿಗೆ ಬಂದಿದ್ದಳು. "ನಾನೂ ಹೇಳೇನ್ರಿ ಖಾಲಾ, ಇವ್ರು ಕೇಳಂಗಿಲ್ಲ," ಎಂದಳು.

ಅವಳು ನನಗೆ ಏನೂ ಹೇಳಿರಲಿಲ್ಲ. ಆದರೆ ತಿಂಗಳುಗಳ ಮೇಲೆ ಅವಳು ಮಾಳಿಗೆಗೆ ಬಂದಿದ್ದಳು, ಅದಕ್ಕೆ ಕುರ್ಚಿ ತಂದು ಹಾಕಿದೆ.

ಖಾಲಾ ಹೇಳಿದ್ದು ಇಷ್ಟು: ಕೆಂಪು ಮಸಾರಿ ಮಣ್ಣು ಎರಡು ಬುಟ್ಟಿ, ವರ್ಷ ಹಳೆಯ ತಿಪ್ಪೆಗೊಬ್ಬರ ಒಂದು ಬುಟ್ಟಿ, ಭತ್ತದ ಹೊಟ್ಟು ಮತ್ತು ಈ ನಾರಿನ ಪುಡಿ ಕೂಡಿ ಒಂದು ಬುಟ್ಟಿ. ನಾರಿನ ಪುಡಿಯನ್ನು ಮೂರು ನೀರಿನಲ್ಲಿ ತೊಳೆದು, ಕಂದು ಬಣ್ಣ ಹೋದ ಮೇಲೆ ಬಳಸಬೇಕು. ಗೊಬ್ಬರಕ್ಕೆ ವಾಸನೆ ಇರಬಾರದು, ಒಳಗೆ ಬಿಸಿ ಇರಬಾರದು. ಇದ್ದರೆ ಇನ್ನೂ ಕಳಿತಿಲ್ಲ ಎಂದರ್ಥ.

ಸರ್ವಿಸ್ ಬುಕ್ಕಿನ ಕೆಲಸಕ್ಕೆ ಹಿರೇಕೆರೂರಿಗೆ ಹೋದಾಗ ನಮ್ಮ ಹಳೆಯ ಮನೆಯ ಹಿತ್ತಲಿನಿಂದಲೇ ಕೆಂಪು ಮಣ್ಣು ತುಂಬಿಕೊಂಡೆ. ಬಸ್ಸಿನಲ್ಲಿ ಕಂಡಕ್ಟರ್ ಚೀಲ ಒದ್ದು ನೋಡಿದ.

"ಇದರಾಗ ಏನೈತ್ರಿ?"

"ಮಣ್ಣು."

"ಸವಣೂರಾಗ ಮಣ್ಣಿಲ್ಲೇನ್ರಿ?"

"ಐತಿ. ಉದರಂಗಿಲ್ಲ."

ಅವನು ನನ್ನ ಮುಖ ನೋಡಿ ಲಗೇಜ್ ಟಿಕೆಟ್ ಹರಿದುಕೊಟ್ಟು, ಮುಂದಿನ ಸೀಟಿನವರಿಗೆ ಸ್ವಲ್ಪ ಜರುಗಿ ಕೂರಲು ಹೇಳಿದ.

ಹೊಟ್ಟಿಗೆ ಹಾನಗಲ್ಲಿನ ಕಡೆಯ ಅಕ್ಕಿ ಗಿರಣಿಗೆ ಸ್ಕೂಟರಿನಲ್ಲಿ ಹೋದೆ. ಚೀಲಕ್ಕೆ ಇಲಿ ಕಚ್ಚಿದ ತೂತಿತ್ತು. ಬಂಕಾಪುರ ದಾಟಿದ ಮೇಲೆ ಹಿಂದಿನಿಂದ ಬಂದ ಬೈಕಿನವನು ಕೂಗಿ ಹೇಳಿದಾಗಲೇ ಗೊತ್ತಾಯಿತು. ಹಿಂತಿರುಗಿ ನೋಡಿದೆ. ರಸ್ತೆಯಲ್ಲಿ ಒಂದು ತೆಳು ಗೆರೆ ಕಣ್ಣು ಹಾಯುವವರೆಗೂ ಇತ್ತು. ಅರ್ಧ ಚೀಲ ಮನೆ ಮುಟ್ಟಿತು. ಎಂಟು ಕುಂಡಕ್ಕೆ ಅಷ್ಟು ಸಾಕಾಯಿತು.

ರವಿವಾರ ಮುಂಜಾನೆ ಮಿಶ್ರಣ. ಹೆಂಡತಿಗೆ ನೆಲದ ಮೇಲೆ ಕೂರಲು ಬರುವುದಿಲ್ಲವಾದ್ದರಿಂದ ಬಟ್ಟೆ ತೊಳೆಯುವ ದೊಡ್ಡ ಟಬ್ಬನ್ನು ಮೇಜಿನ ಮೇಲಿಟ್ಟೆ. ಅವಳು ಒಂದು ಕಡೆ, ಖಾಲಾ ಒಂದು ಕಡೆ ಕುರ್ಚಿ ಹಾಕಿಕೊಂಡರು. ನನಗೆ ನೀರು ತರುವ ಕೆಲಸ. ನಾನು ಹೆಚ್ಚು ಚಿಮುಕಿಸಿದಾಗ ಇಬ್ಬರೂ ಒಟ್ಟಿಗೆ "ಸಾಕು" ಎಂದರು.

ಸ್ವಲ್ಪ ಹೊತ್ತಿಗೆ ಖಾಲಾ ಕೈ ಆಡಿಸುವುದನ್ನು ನಿಲ್ಲಿಸಿದರು. ಮಣ್ಣಿನೊಳಗೇ ಕೈ ಇಟ್ಟುಕೊಂಡು ಕೂತರು.

"ಏನಾತ್ರಿ ಖಾಲಾ?" ಎಂದಳು ಹೆಂಡತಿ.

"ಏನಿಲ್ಲ ಬೇಟಿ. ತ್ವಾಟ ಮಾರಿದ ಮ್ಯಾಲೆ ಮಣ್ಣಾಗ ಕೈ ಹಾಕಿರಲಿಲ್ಲ. ಆಗ ನನ್ನ ಸಣ್ಣ ಮಗನ ಲಗ್ನ ಆಗಿರಲಿಲ್ಲ. ಈಗ ಅವನ ಮಗಳ ಲಗ್ನ ಆತು."

ಹೆಂಡತಿ ಟಬ್ಬನ್ನು ಅವರ ಕಡೆ ಸ್ವಲ್ಪ ಸರಿಸಿದಳು. ನಾನು ನೀರಿನ ಕೊಡ ಹಿಡಿದುಕೊಂಡು ನಿಂತಿದ್ದೆ. ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಕೊನೆಗೆ ಖಾಲಾ ಒಂದು ಮುಷ್ಟಿ ಹಿಂಡಿ ತೋರಿಸಿದರು. ಉಂಡೆಯಾಯಿತು. ಹೆಂಡತಿ ಬೆರಳಿನಿಂದ ತಟ್ಟಿದಳು. ಉದುರಿತು. ಇಬ್ಬರೂ ನನ್ನನ್ನು ನೋಡಿದರು, ನಾನು ಆಯಿತು ಎಂದು ತಲೆಯಾಡಿಸಿದೆ. ನನ್ನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ ಎಂದು ಆಮೇಲೆ ಹೊಳೆಯಿತು.

ಕರಿಬೇವು ಇಪ್ಪತ್ತು ದಿನಕ್ಕೆ ಚಿಗುರಿತು. ಮೆಂತ್ಯೆ ಅದಕ್ಕೂ ಮುಂಚೆ ಬಂದಿತ್ತು. ಒಂದು ದಿನ ಶಾಲೆಯಿಂದ ಬಂದಾಗ ಮನೆ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ವಾಕರ್ ಮೆಟ್ಟಿಲ ತಲೆಯಲ್ಲಿ ನಿಂತಿತ್ತು. ಓಡಿ ಇಳಿದೆ. ಹೆಂಡತಿ ಖಾಲಾನ ಅಂಗಳದಲ್ಲಿ ಬಚ್ಚಲ ಗೋಡೆಗೆ ಕೈಯಿಟ್ಟು ನಿಂತಿದ್ದಳು. ಅಲ್ಲಿ ವೀಳ್ಯದ ಎಲೆಬಳ್ಳಿ ಹಚ್ಚಿದರೆ ನೆರಳು ಸಾಕಾಗುತ್ತದೆಯೇ ಎಂದು ಇಬ್ಬರ ಚರ್ಚೆ ನಡೆದಿತ್ತು.

"ಹೆಂಗ ಇಳದಿ?" ಎಂದೆ.

"ಮೆಟ್ಟಿಲಾ ಇಳದು," ಎಂದಳು, ನನ್ನ ಕಡೆ ತಿರುಗದೆ.

ಎಂಟು ಕುಂಡಗಳಲ್ಲಿ ಏಳು ಚೆನ್ನಾಗಿವೆ. ಗುಲಾಬಿ ಮಾತ್ರ ಸತ್ತಿತು. ಅದಕ್ಕೆ ಮಣ್ಣು ಕಾರಣವಲ್ಲ ಎಂದು ಖಾಲಾ ಖಂಡಿತವಾಗಿ ಹೇಳಿದರು. ಮತ್ತೇನು ಕಾರಣ ಎಂದು ಕೇಳಿದೆ. "ಅದನ್ನ ಹಚ್ಚಿದವ್ರು ನೀವು," ಎಂದಳು ಹೆಂಡತಿ.