ತಗಡಿನ ಮೇಲೆ ಒಣಗಿದ ನೀಲಗಿರಿ ಎಲೆ

ಅರವತ್ತರ ದಶಕದ ಆರಂಭದಲ್ಲಿ ಶಿಗ್ಗಾಂವಿಯ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷ ನಾನು ಎರಡಕ್ಕೆ ಹೆದರುತ್ತಿದ್ದೆ: ಅತ್ತೆಯ ಉಬ್ಬಸಕ್ಕೆ ಮತ್ತು ಅಟ್ಟದ ಚೇಳಿಗೆ. ಅತ್ತೆಗೆ ಹೆದರುತ್ತಿರಲಿಲ್ಲವೇ ಎಂದರೆ, ಅದನ್ನು ಬೇರೆ ಹೇಳಬೇಕೇ?

ಮಳೆ ಹಿಡಿಯಿತೆಂದರೆ ಅವರ ಎದೆಯಲ್ಲಿ ಸೀಟಿ ಶುರುವಾಗುತ್ತಿತ್ತು. ಆಗ ಒಣ ನೀಲಗಿರಿ ಎಲೆ ಕುದಿಸಿ, ಕಂಬಳಿ ಹೊದ್ದು ಹಬೆ ತೆಗೆದುಕೊಂಡರೆ ಉಸಿರು ಸಲೀಸಾಗುತ್ತಿತ್ತು. ನಮ್ಮ ಓಣಿಯ ಸುತ್ತ ಆ ಗಿಡ ಇರಲಿಲ್ಲ. ಬೇಸಿಗೆಯಲ್ಲಿ ನನ್ನ ಗಂಡ ಬಂಕಾಪುರದಿಂದ ಒಂದು ಚೀಲ ಎಲೆ ತಂದುಹಾಕಿದರು. ಅದೇ ವಾರ ಅತ್ತೆ ಚಿಕ್ಕೇರೂರಿನ ಮಗಳ ಮನೆಗೆ ಹೊರಟಿದ್ದರು. ಹೊರಡುವಾಗ ಹೇಳಿದರು:

"ಅಟ್ಟದ ಮ್ಯಾಲ ತೆಳ್ಳಗ ಹರವು. ಬಿಸಲಿಗೆ ಒಡ್ಡಬ್ಯಾಡ. ದಿನಾ ಒಮ್ಮೆ ಕೈಯಾಡಸು."

ಅಟ್ಟ ಗುಡಿಸಲು ಹತ್ತಿದಾಗಲೇ ಚೇಳು ಕಂಡಿತು. ಇಳಿದವಳು ಮತ್ತೆ ಏಣಿ ಮುಟ್ಟಲಿಲ್ಲ. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ತಗಡಿನ ಮೇಲೆ ಎಲೆಯನ್ನೆಲ್ಲ ಹರವಿಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಓಣಿಯೆಲ್ಲ ಘಮಘಮ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಏನ್ ವಾಸನಿಯವ್ವ" ಎಂದಳು. ನಾನು ಉಬ್ಬಿಹೋದೆ. ಎಲೆಯೊಳಗೆ ಇರಬೇಕಾದದ್ದು ಓಣಿಯ ಪಾಲಾಗುತ್ತಿದೆ ಎಂದು ತಿಳಿಯುವಷ್ಟು ಬುದ್ಧಿ ಎಲ್ಲಿತ್ತು? ಮೂರೇ ದಿನಕ್ಕೆ ಎಲೆ ಹಪ್ಪಳದ ಹಾಗೆ ಗರಿಗರಿಯಾಯಿತು. ಡಬ್ಬಿಗೆ ತುಂಬಿ ಮುಚ್ಚಳ ಬಿಗಿದೆ.

ಮಳೆಗಾಲಕ್ಕೆ ಅತ್ತೆ ಮರಳಿ ಬಂದರು. ಆಷಾಢದ ಒಂದು ಮುಂಜಾನೆ ಅವರಿಗೆ ದಮ್ಮು ಹತ್ತಿತು. ಎಲೆ ಹಾಕಿ ಕುದಿಸಿ ಮುಚ್ಚಳ ತೆಗೆದೆ. ನೆನೆದ ಹುಲ್ಲಿನ ವಾಸನೆ ಬಿಟ್ಟರೆ ಏನೂ ಇಲ್ಲ. ಮತ್ತೊಂದು ಹಿಡಿ ಹಾಕಿದೆ. ಅಷ್ಟೇ. ಅತ್ತೆಯ ಮೂಗು ಪೂರ್ತಿ ಕಟ್ಟಿತ್ತು, ಕಂಬಳಿಯೊಳಗಿಂದ ಕೇಳಿದರು, "ನನಗ ಏನೂ ತಿಳೀವಲ್ದು. ನಿನಗ ವಾಸನಿ ಬಂತನು?"

"ಬಂತ್ರಿ ಅತ್ತಿ," ಎಂದೆ.

ಮೂರು ದಿನ ಅವರು ನನ್ನ ಮಾತು ನಂಬಿ ಬರೀ ನೀರಿನ ಹಬೆ ಎಳೆದುಕೊಂಡರು. ಎರಡು ಶಬ್ದ ಆಡಿದರೆ ಒಮ್ಮೆ ನಿಲ್ಲಬೇಕಾಗುತ್ತಿತ್ತು. ರೊಟ್ಟಿ ಬಡಿಯುವಾಗ ಆ ಸೀಟಿ ಕೇಳಿಸಿದರೆ ಹೆದರಿಕೆ, ಕೇಳಿಸದಿದ್ದರೆ ಇನ್ನೂ ಹೆದರಿಕೆ. ಹಿಟ್ಟಿನ ಕೈಯಲ್ಲೇ ಓಡಿಹೋಗಿ ನೋಡುತ್ತಿದ್ದೆ. ಜೀವ ಹೋದರೆ ಕೊಂದವಳು ನಾನೇ. ನಿಜ ಹೇಳಿದರೆ ಹಾನಗಲ್ಲಿನ ತವರಿಗೆ ಕಳಿಸಿಬಿಡುತ್ತಾರೆಂಬ ಅಂಜಿಕೆ ಬೇರೆ.

ನಾಲ್ಕನೆಯ ದಿನ ಪಕ್ಕದ ಮನೆಯಾಕೆ ಬಂದಳು. ಅವಳ ಆರು ವರ್ಷದ ಮಗಳಿಗೂ ಎದೆ ಕಟ್ಟಿತ್ತು. "ಆಕಿಗೆ ಎರಡು ಹಿಡಿ ಎಲಿ ಕೊಡು," ಎಂದರು ಅತ್ತೆ. ಡಬ್ಬಿಯೊಳಗೆ ಕೈ ಹಾಕಿದೆ, ಹೊರಗೆ ತೆಗೆಯಲಾಗಲಿಲ್ಲ.

"ಇದರಾಗ ಏನೂ ಇಲ್ರಿ. ಬಿಸಲಾಗ ತಗಡಿನ ಮ್ಯಾಲ ಒಣಗಸಿದ್ನಿರಿ."

"ಮತ್ತ ವಾಸನಿ ಬಂತು ಅಂದ್ಯಲ್ಲ?" ಅತ್ತೆ ಕೇಳಿದರು.

"ಅಂಜಿ ಅಂದ್ನಿರಿ."

ಅವರು ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ನನ್ನ ಗಂಡ ಮಳೆಯಲ್ಲೇ ಸೈಕಲ್ ಹತ್ತಿ ಬಂಕಾಪುರಕ್ಕೆ ಹೋಗಿ ಹಸಿ ಟೊಂಗೆ ತಂದರು. ಹುಡುಗಿ ಎರಡು ದಿನಕ್ಕೆ ಆಡತೊಡಗಿದಳು. ಅತ್ತೆ ಸುಧಾರಿಸಲು ಒಂದು ವಾರ ಹಿಡಿಯಿತು.

ಮುಂದಿನ ಬೇಸಿಗೆಯಲ್ಲಿ, ಚೇಳು ಕಚ್ಚಿದರೆ ಕಚ್ಚಲಿ ಎಂದು ಅಟ್ಟ ಹತ್ತಿದೆ. ನೆರಳಿನಲ್ಲಿ ಒಣಗಲು ಹನ್ನೆರಡು ದಿನ ಬೇಕಾಯಿತು. ಎಲೆ ಹಸಿರು ಬಿಡಲಿಲ್ಲ. ಡಬ್ಬಿ ತೆರೆದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಮಳೆ ಹಿಡಿದು ಅತ್ತೆಯ ಮೂಗು, ಎದೆ ಎರಡೂ ಕಟ್ಟಿದ ದಿನ ಕುದಿಯುವ ಪಾತ್ರೆ ತಂದು ಅವರ ಮುಂದಿಟ್ಟೆ. ಮನೆಯೆಲ್ಲ ಘಾಟು.

"ವಾಸನಿ ಛಲೋ ಬಂದೈತ್ರಿ ಅತ್ತಿ," ಎಂದೆ.

ಅವರು ಕಂಬಳಿ ಎತ್ತಿಕೊಳ್ಳಲಿಲ್ಲ. "ಬಾಜೂ ಮನಿಯಾಕಿನ್ನ ಕರಿ. ಆಕಿ ಮೂಸಿ ನೋಡ್ಲಿ," ಎಂದರು. ಆಕೆ ದನಕ್ಕೆ ನೀರು ಕುಡಿಸಿ ಬರುವವರೆಗೂ ಹಾಗೇ ಉಬ್ಬಸಪಡುತ್ತ ಕೂತಿದ್ದರು.