ಪತ್ರಕರ್ತನ ನೋಟ್‌ಬುಕ್ಕಿನ ಅನುವಾದ

ತಿರುವನಂತಪುರದ ಪೊಲೀಸರಿಗೆ ಕನ್ನಡ ಓದಬಲ್ಲ ಸರ್ಕಾರಿ ನೌಕರರೊಬ್ಬರು ಬೇಕಾಗಿದ್ದರು. ನಾನು ಮೈಸೂರಿನವಳು, ಕೊಚ್ಚಿಯ ಪಾಲಾರಿವಟ್ಟಂನಲ್ಲಿರುವ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಅನುವಾದಕಿ. ಮೇಲಧಿಕಾರಿ ನನ್ನ ಹೆಸರು ಬರೆದು ಕಳಿಸಿ, ಆಮೇಲೆ ನನಗೆ ಹೇಳಿದರು.

ಆರೋಪಿ ಪತ್ರಕರ್ತರೊಬ್ಬರು. ಕಾಸರಗೋಡಿನ ಕಡೆಯವರು, ಮನೆಮಾತು ಕನ್ನಡ, ಕೊಚ್ಚಿಯ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದರು. ಸರ್ಕಾರದ ಎಣ್ಣೆ ಸಂಗ್ರಹಾಗಾರವೊಂದು ಸೋರಿ ಸುತ್ತಲಿನ ಬಾವಿಗಳ ನೀರು ಕೆಡುತ್ತಿದೆ ಎಂದು ಅದನ್ನು ನಡೆಸುವ ಇಲಾಖೆಯೇ ಒಂದು ವರದಿ ಮಾಡಿಸಿತ್ತು. ಮಾಡಿಸಿ, 'ರಹಸ್ಯ' ಎಂದು ಮುದ್ರೆ ಒತ್ತಿ ಇಟ್ಟುಕೊಂಡಿತ್ತು. ಇವರು ಅದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಬಾವಿಗಳ ವಿಷಯ ಸುಳ್ಳೆಂದು ಯಾರೂ ಹೇಳಲಿಲ್ಲ. ಕಾಗದ ಹೊರಗೆ ಹೋದದ್ದು ಹೇಗೆ ಎಂಬುದಷ್ಟೇ ಪ್ರಶ್ನೆಯಾಯಿತು. ಅಧಿಕೃತ ರಹಸ್ಯಗಳ ಕಾಯ್ದೆಯಡಿ ಕೇಸು ಹಾಕಿ, ಮನೆ ಜಾಲಾಡಿ, ಫೋನು, ಲ್ಯಾಪ್‌ಟಾಪು, ಒಂದು ನೋಟ್‌ಬುಕ್ಕು ಎತ್ತಿಕೊಂಡು ಹೋದರು. ನೋಟ್‌ಬುಕ್ಕಿನಲ್ಲಿದ್ದದ್ದೆಲ್ಲ ಕನ್ನಡ.

ನನ್ನ ಗಂಡ ತಿರುವನಂತಪುರದಲ್ಲಿ ಬಾಹ್ಯಾಕಾಶ ಸಂಸ್ಥೆಯೊಂದರ ವಿಜ್ಞಾನಿ. ಮಗಳ ಕಾಲೇಜಿಗಾಗಿ ನಾನೂ ಅವಳೂ ಕೊಚ್ಚಿಯಲ್ಲಿ, ಅವರು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಆಫೀಸಿನಲ್ಲಿ ಏನು ಮಾಡುತ್ತೀರಿ ಎಂದು ಮದುವೆಯಾದಂದಿನಿಂದ ನಾನು ಅವರನ್ನು ಕೇಳಿಲ್ಲ. ಗುಟ್ಟಿನ ಜೊತೆಗೇ ಸಂಸಾರ ಮಾಡಿದವಳು. ಸರ್ಕಾರಕ್ಕೆ ಗುಟ್ಟೇ ಇರಕೂಡದು ಎಂದು ವಾದಿಸುವವಳಲ್ಲ.

"ಇಂಥ ಕೇಸಿನ ಹತ್ರ ನಮ್ಮ ಹೆಸರು ಬೇಡ," ಅಂದರು ಅವರು. "ಆಗಲ್ಲ ಅಂತ ಬರ್ಕೊಟ್ಬಿಡು."

"ಯಾಕಾಗಲ್ಲ ಅಂತ ಕೇಳ್ತಾರೆ."

"ಹಾಗಾದ್ರೆ ಇರೋದನ್ನ ಇರೋ ಹಾಗೆ ಬರ್ದು ಬಂದ್ಬಿಡು," ಅಂದರು.

ತಿರುವನಂತಪುರಕ್ಕೆ ಹೋದೆ. ತನಿಖಾಧಿಕಾರಿ ಸೌಮ್ಯ ಮನುಷ್ಯ. ಹಾಲಿಲ್ಲದ ಕಟ್ಟನ್ ಚಾಯ ತರಿಸಿ, ಜೆರಾಕ್ಸ್ ಪುಟಗಳನ್ನು ನನ್ನ ಮುಂದಿಟ್ಟು, ಎದುರಿಗೇ ಕುಳಿತರು. ನಾನು ಓದುತ್ತ ಹೋದೆ. ಪುಟಗಳ ತುಂಬ ಮನುಷ್ಯನೊಬ್ಬನ ದಿನಚರಿ. ಅಮ್ಮನ ಬಿ.ಪಿ. ಮಾತ್ರೆ ಮುಗಿದಿದೆ. ಎಡಪ್ಪಳ್ಳಿಯಲ್ಲಿ ಬಸ್ಸು ತಪ್ಪಿತು. ಸಂಪಾದಕರು ಇನ್ನೊಂದು ವಾರ ಕಾಯೋಣ ಅಂದರು. ನಡುನಡುವೆ ಹೆಸರಿಲ್ಲದ ಒಬ್ಬರು: ಅವರು ಫೋನ್ ಮಾಡಿದರು. ಅವರು ಹೆದರಿದ್ದಾರೆ. ಕಾಗದ ಅವರೇ ತಂದುಕೊಟ್ಟರು.

"ಈ 'ಅವರು' ಗಂಡಸೋ ಹೆಂಗಸೋ, ಮೇಡಂ?" ಅಧಿಕಾರಿ ಮಲಯಾಳದಲ್ಲಿ ಕೇಳಿದರು.

"ಕನ್ನಡದಲ್ಲಿ ಗೊತ್ತಾಗುವುದಿಲ್ಲ. ಮರ್ಯಾದೆ ಕೊಟ್ಟರೆ ಇಬ್ಬರೂ 'ಅವರು'."

ಅಷ್ಟರಮಟ್ಟಿಗೆ ಅದು ನಿಜ. ಮಲಯಾಳದಲ್ಲಿ ಗಂಡಸಾದರೆ 'ಅದ್ದೇಹಂ' ಎನ್ನುತ್ತಾರೆ, ನಾನು 'ಅವರ್' ಎಂದು ಬರೆದಿದ್ದರೆ ಹೆಂಗಸೆಂದೇ ಓದಿಕೊಳ್ಳುತ್ತಿದ್ದರು. ಹಾಗಾಗಿ ಇಂಗ್ಲಿಷಿನಲ್ಲಿ, 'ಆ ವ್ಯಕ್ತಿ' ಎಂಬರ್ಥ ಬರುವಂತೆ ಬರೆಯುತ್ತ ಹೋದೆ.

ಕೊನೆಯ ಪುಟಗಳಲ್ಲಿ ಒಂದು ಸಾಲಿತ್ತು: 'ಬಾಣಂತನ ಮುಗಿಸಿ ಈಗಷ್ಟೇ ಕೆಲಸಕ್ಕೆ ಬಂದಿದ್ದಾರೆ. ಇವರಿಗೆ ಏನೂ ಆಗಬಾರದು.'

ಆ ಇಲಾಖೆಯಲ್ಲಿ ಆ ತಿಂಗಳು ಹೆರಿಗೆ ರಜೆಯಿಂದ ಮರಳಿದವರು ಎಷ್ಟು ಜನ ಇದ್ದಾರು? ಮಗಳು ಹುಟ್ಟಿದಾಗ ನಾನೂ ಹಾಗೆ ಮರಳಿದವಳೇ. ಮಧ್ಯಾಹ್ನದ ಹೊತ್ತಿಗೆ ಎದೆ ಬಿಗಿದು, ಕಚೇರಿಯ ಬಾತ್‌ರೂಮಿನಲ್ಲಿ ನಿಂತು ಹಾಲು ಹಿಂಡಿ ಚೆಲ್ಲುತ್ತಿದ್ದೆ. ಅಧಿಕಾರಿ ತಮ್ಮ ಫೋನು ನೋಡುತ್ತಿದ್ದರು. ನಾನು 'ರಜೆ ಮುಗಿಸಿ' ಎಂದಷ್ಟೇ ಬರೆದೆ. ಕೆಳಗೆ, ಇದು ಮೂಲಕ್ಕೆ ನಿಷ್ಠವಾದ ಅನುವಾದ ಎಂದು ದೃಢೀಕರಿಸಿ ರುಜು ಹಾಕಿದೆ. ಧೈರ್ಯದಿಂದ ಮಾಡಿದ್ದಲ್ಲ. ಕೈ ಬರೆಯಿತು, ಹೆದರಿಕೆ ಬಂದದ್ದು ಆಟೋ ಹತ್ತಿದ ಮೇಲೆ.

ಮೂರು ವಾರಗಳಲ್ಲಿ ಪತ್ರಿಕೆಗಳಲ್ಲಿ ಬಂತು: ಫೋನ್ ಕರೆಗಳ ದಾಖಲೆಯಿಂದ ಇಲಾಖೆಯ ಮಹಿಳಾ ಉದ್ಯೋಗಿಯೊಬ್ಬರು ಪತ್ತೆ, ಅಮಾನತು. ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ಓದಿದೆ. ಪಕ್ಕದಲ್ಲಿ ಕುಳಿತವರು ಹುಷಾರಿಲ್ಲವೇ ಎಂದು ಕೇಳಿದರು.

ಆಮೇಲೆ ಅನುವಾದದ ಸಾಕ್ಷಿಯಾಗಿ ನನಗೆ ಸಮನ್ಸುಗಳು ಶುರುವಾದವು. ಬೆಳಗಿನ ರೈಲು ಹಿಡಿದು ತಿರುವನಂತಪುರದ ಕೋರ್ಟಿಗೆ ಹೋಗುವುದು, ಬೆಂಚಿನ ಮೇಲೆ ಕೂರುವುದು, ಕೇಸು ಮುಂದಕ್ಕೆ ಹೋಯಿತೆಂದು ಕೇಳಿಸಿಕೊಂಡು ಏಳುವುದು. ಒಮ್ಮೆ ವಕೀಲರು ಬರಲಿಲ್ಲ, ಒಮ್ಮೆ ನ್ಯಾಯಾಧೀಶರಿಗೆ ವರ್ಗವಾಯಿತು, ಒಮ್ಮೆ ಕಡತವೇ ಬರಲಿಲ್ಲ. ಅಂಥ ದಿನಗಳಲ್ಲಿ ಚಾಲೈ ಪೇಟೆಗೆ ಹೋಗಿ ಒಣಮೆಣಸಿನಕಾಯಿ, ಹುಣಸೆಹಣ್ಣು ಕೊಂಡು ಗಂಡನ ಕ್ವಾರ್ಟರ್ಸಿಗೆ ಹೋಗುತ್ತಿದ್ದೆ. ಏನಾಯಿತೆಂದು ಅವರು ಕೇಳುವುದನ್ನೂ ಬಿಟ್ಟರು. ಬೇರೆ ಯಾರಾದರೂ ಮೂಲವನ್ನೂ ನನ್ನ ಅನುವಾದವನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಎಂಬ ಯೋಚನೆ ಮಾತ್ರ ನನ್ನನ್ನು ಬಿಡಲಿಲ್ಲ.

ಮೂರನೆಯ ವರ್ಷ ಒಂದು ದಿನ ಆ ಪತ್ರಕರ್ತರು ಬಂದು ನನ್ನ ಬೆಂಚಿನಲ್ಲೇ ಕುಳಿತರು. ಕೂದಲು ನೆರೆತಿತ್ತು.

"ನೀವು ಭಾಷಾಂತರ ಮಾಡಿದ್ದರ ಪ್ರತಿ ನಮಗೂ ಕೊಟ್ಟಿದ್ದಾರೆ," ಅಂದರು. "ಒಂದು ಕಡೆ 'ರಜೆ' ಅಂತ ಹಾಕಿದ್ದೀರಿ."

ನಾನು ಸುತ್ತ ನೋಡಿದೆ.

"ಹೆದರ್ಬೇಡಿ. ಅದನ್ನು ಇವರಿಗೆ ಹೇಳ್ಲಿಕ್ಕೆ ನನಗೆಂತ ಮರ್ಲಾ?"

"ಅದರಿಂದ ಪ್ರಯೋಜನವೇನೂ ಆಗ್ಲಿಲ್ಲ," ಅಂದೆ.

"ಆಗ್ಲಿಲ್ಲ. ನಾನು ಆ ಶಬ್ದ ಬರೀಲೇಬಾರ್ದಿತ್ತು. ಇಲ್ಲಿ ಕನ್ನಡ ಯಾರಿಗೆ ಓದ್ಲಿಕ್ಕೆ ಬರ್ತದೆ ಅಂತ ಒಂದು ಧೈರ್ಯ. ಫೋನೂ ಅಷ್ಟೇ, ನನ್ನದರಿಂದಲೇ ಮಾಡಿದ್ದು."

"ಅವರು ಹೇಗಿದ್ದಾರೆ?"

"ಗೊತ್ತಿಲ್ಲ. ನಾನು ಕೇಳ್ಲಿಕ್ಕೆ ಹೋಗಿಲ್ಲ. ಕೇಳಿದ್ರೆ ಅದೂ ಒಂದು ಸಾಕ್ಷಿ ಆಗ್ತದೆ."

ಪತ್ರಿಕೆ ಬಿಟ್ಟಿದ್ದರು. ತೆಗೆದುಹಾಕಿದ್ದಲ್ಲವಂತೆ, ಬರೆಯಲು ಏನನ್ನೂ ಕೊಡಲಿಲ್ಲ, ಇವರೇ ಎದ್ದು ಬಂದರು. ಈಗ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್. "ಅದಾದ್ರೆ ಯಾರೂ ಹುಡುಕ್ಕೊಂಡು ಬರೂದಿಲ್ಲ," ಅಂದರು. ನಗಲಿಲ್ಲ.

ಮರುವರ್ಷ ನನ್ನ ಸಾಕ್ಷಿ ನಡೆಯಿತು. ಈ ರುಜು ನಿಮ್ಮದೇ ಎಂದು ಕೇಳಿದರು. ಹೌದೆಂದೆ. ಆರೋಪಿಯ ವಕೀಲರು ಪ್ರಶ್ನೆಗಳಿಲ್ಲ ಅಂದರು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಕಡೆಗೆ ಕೇಸು ಬಿದ್ದುಹೋಯಿತು. ದೂರು ಕೊಟ್ಟ ಅಧಿಕಾರಿಗೆ ದೂರು ಕೊಡುವ ಅಧಿಕಾರವೇ ಇರಲಿಲ್ಲವೆಂದು ಕೋರ್ಟು ಹೇಳಿತು. ಅದನ್ನು ಮೊದಲ ದಿನವೇ ಹೇಳಬಹುದಿತ್ತು. ಒಳಪುಟದಲ್ಲಿ ಸಣ್ಣ ಸುದ್ದಿ. ಆ ಉದ್ಯೋಗಿಯನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡು ಬೇರೆ ಜಿಲ್ಲೆಗೆ ಹಾಕಿದ್ದಾರೆ ಎಂಬುದೂ ಅದರಲ್ಲೇ ಇತ್ತು. ಬಾವಿಗಳ ಕಡೆಯ ಮನೆಗಳಿಗೆ ಇಂದಿಗೂ ಟ್ಯಾಂಕರಿನಲ್ಲೇ ನೀರು.

ಆ ಶನಿವಾರ ಊಟಕ್ಕೆ ಕುಳಿತಾಗ ಗಂಡನಿಗೆ ಎಲ್ಲ ಹೇಳಿದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು.

"ಇಷ್ಟು ವರ್ಷ ನನ್ಗೊಂದು ಮಾತು ಹೇಳ್ಲಿಲ್ವಲ್ಲ."

"ಹೇಳಿದ್ರೆ ನಿಮ್ಗೂ ಗೊತ್ತಿದ್ದ ಹಾಗಾಗ್ತಿತ್ತು. ಯಾರಾದ್ರೂ ಕೇಳಿದ್ರೆ ನೀವೇನು ಹೇಳ್ತಿದ್ರಿ?"

ಅವರು ಮತ್ತೆ ಅನ್ನ ಕಲಸಿ ಉಣ್ಣತೊಡಗಿದರು. ಆಮೇಲೆ, "ಸ್ವಲ್ಪ ಮಜ್ಜಿಗೆ ಹಾಕು," ಅಂದರು.